ಕಲ್ಲುಹೂವಿನೊಳಗೆ ಒಡೆಯ ಯಾರು, ಆಳು ಯಾರು? ರೈತನ ಮಗ ಶ್ವೆಂಡೆನರ್ ಎಬ್ಬಿಸಿದ ಜಗಳ

ಯಾವುದೇ ಉಪಚುನಾವಣೆ ಬರಲಿ, ನಮ್ಮ ಟೀವಿ ಆ್ಯಂಕರ್‌ಗಳಿಗೆ ಅದು ಲಿಟ್ಮಸ್ ಟೆಸ್ಟ್. ಮುಖ್ಯಮಂತ್ರಿಗೆ ಲಿಟ್ಮಸ್ ಟೆಸ್ಟ್, ವಿರೋಧ ಪಕ್ಷಕ್ಕೆ ಲಿಟ್ಮಸ್ ಟೆಸ್ಟ್, ಹೊಸದಾಗಿ ಪಕ್ಷ ಹಾರಿ ಬಂದವನಿಗಂತೂ ಡಬಲ್ ಲಿಟ್ಮಸ್ ಟೆಸ್ಟ್. ಹೈಸ್ಕೂಲಿನ ಲ್ಯಾಬಿನಲ್ಲಿ ಆಮ್ಲಕ್ಕೆ ಅದ್ದಿದರೆ ಕೆಂಪಾಗುವ, ಪ್ರತ್ಯಾಮ್ಲಕ್ಕೆ ಅದ್ದಿದರೆ ನೀಲಿಯಾಗುವ ಆ ಕಾಗದದ ಚೂರು ನಮ್ಮ ರಾಜಕೀಯ ಭಾಷೆಯೊಳಗೆ ಹೀಗೆ ಕಾಯಂ ಆಗಿ ಸೇರಿಕೊಂಡಿದೆ. ಆದರೆ ಆ ಬಣ್ಣ ಎಲ್ಲಿಂದ ಬಂತು ಅಂತ ಕೇಳುವವರು ಕಡಿಮೆ. ಅದು ಬಂದಿದ್ದು ಕಡಲತೀರದ ಬಂಡೆಗಳಿಗೆ ಅಂಟಿಕೊಂಡು ಬೆಳೆಯುವ ರೊಸೆಲ್ಲಾ ಎಂಬ ಲೈಕೆನ್‌ನಿಂದ.

ಲೈಕೆನ್ ಅಂದರೆ ನಮಗೆ ಗೊತ್ತಿಲ್ಲದ ವಸ್ತುವೇನಲ್ಲ. ಬಿಸಿಬೇಳೆಬಾತ್ ಪುಡಿಗೋ ಬಿರಿಯಾನಿ ಮಸಾಲೆಗೋ ಹಾಕುವ, ಕರಟಿದ ಕಾಗದದ ಚೂರಿನಂತೆ ಮುದುರಿಕೊಂಡ ಕಲ್ಲುಹೂವು ಲೈಕೆನ್ನೇ. ಹೆಸರಿನಲ್ಲಿ ಹೂವಿದೆ, ಆದರೆ ಅದು ಹೂವಲ್ಲ, ಗಿಡವೂ ಅಲ್ಲ. ಹಾಗಾದರೆ ಏನು? ಈ ಪ್ರಶ್ನೆಗೆ ನೆಟ್ಟಗಿನ ಉತ್ತರ ಮೊದಲು ಸಿಕ್ಕಿದ್ದು 1867ರಲ್ಲಿ. ಕೊಟ್ಟವನು ಸ್ವಿಟ್ಜರ್ಲೆಂಡಿನ ಸಿಮೋನ್ ಶ್ವೆಂಡೆನರ್. ಉತ್ತರ ಕೊಟ್ಟದ್ದಕ್ಕೆ ಅವನ ಕಾಲದ ಕಲ್ಲುಹೂವಿನ ಪಂಡಿತರು ಅವನನ್ನು ಸುಮ್ಮನೆ ಬಿಡಲಿಲ್ಲ. ಅವನು ಹೇಳಿದ್ದು ಸರಿಯಾಗಿತ್ತು. ಹೇಳಲು ಆರಿಸಿಕೊಂಡ ರೂಪಕ ಮಾತ್ರ ಇವತ್ತಿಗೂ ವಿಜ್ಞಾನಿಗಳ ಗಂಟಲಲ್ಲಿ ಮುಳ್ಳಿನ ಹಾಗೆ ಸಿಕ್ಕಿಕೊಂಡಿದೆ.

ಶ್ವೆಂಡೆನರ್ ಹುಟ್ಟಿದ್ದು 1829ರ ಫೆಬ್ರವರಿ 10ರಂದು, ಸ್ವಿಟ್ಜರ್ಲೆಂಡಿನ ಸಾಂಕ್ಟ್ ಗಾಲೆನ್ ಪ್ರಾಂತ್ಯದ ಬುಕ್ಸ್ ಎಂಬ ಊರಿನಲ್ಲಿ. ಅಪ್ಪ ರೈತ. ಆ ಕಾಲದ ಯುರೋಪಿನಲ್ಲಿ ಸಸ್ಯಶಾಸ್ತ್ರ ಹೆಚ್ಚಾಗಿ ಪಾದ್ರಿಗಳು, ಡಾಕ್ಟರುಗಳು, ಆಸ್ತಿವಂತರು ಮಾಡುತ್ತಿದ್ದ ಕೆಲಸ. ರೈತನ ಮಗ ಮೊದಲು ಹೊಟ್ಟೆಪಾಡು ನೋಡಿಕೊಳ್ಳಬೇಕು. ಶ್ವೆಂಡೆನರ್ ಶಾಲಾ ಮೇಷ್ಟ್ರಾಗುವ ತರಬೇತಿ ಪಡೆದ, ಪಾಠವನ್ನೂ ಮಾಡಿದ. ಓದುವ ಹಸಿವು ತೀರಲಿಲ್ಲ. ಆಮೇಲೆ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿ, 1856ರಲ್ಲಿ ಜೂರಿಕ್‌ನಲ್ಲಿ ಡಾಕ್ಟರೇಟ್ ಪಡೆದ. ಮರುವರ್ಷ ಮ್ಯೂನಿಕ್‌ಗೆ ಹೋಗಿ ಕಾರ್ಲ್ ನೇಗೆಲಿ ಎಂಬ ದೊಡ್ಡ ಸಸ್ಯಶಾಸ್ತ್ರಜ್ಞನ ಸಹಾಯಕನಾದ.

ನೇಗೆಲಿಯನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಮೆಂಡೆಲ್ ತನ್ನ ಬಟಾಣಿ ಪ್ರಯೋಗದ ಬಗ್ಗೆ ಪತ್ರ ಬರೆದಾಗ ಅದರ ಮಹತ್ವವನ್ನು ಕಾಣದೆ ಹೋದ ಪ್ರೊಫೆಸರ್ ಈತನೇ. ಆದರೆ ಶ್ವೆಂಡೆನರ್ ಪಾಲಿಗೆ ಒಳ್ಳೆಯ ಗುರು. ಅಲ್ಲಿ ಸಿಕ್ಕಿದ್ದು ಮುಖ್ಯವಾಗಿ ಒಂದು ಉಪಕರಣ ಮತ್ತು ಒಂದು ಅಭ್ಯಾಸ. ಉಪಕರಣ ಮೈಕ್ರೋಸ್ಕೋಪ್. ಅಭ್ಯಾಸ ಏನೆಂದರೆ, ಒಂದು ಭಾಗ ಹೇಗೆ ಕಾಣುತ್ತದೆ ಅಂತ ಚಿತ್ರ ಬರೆದು ಹೆಸರಿಟ್ಟು ಮುಗಿಸದೆ, ಅದು ಹೇಗೆ ಬೆಳೆದು ಆ ರೂಪಕ್ಕೆ ಬಂತು ಎಂದು ಜೀವಕೋಶದಿಂದ ಜೀವಕೋಶಕ್ಕೆ ಹಿಂದಕ್ಕೆ ಹೋಗಿ ನೋಡುವುದು. ಗುರುಶಿಷ್ಯರು ಸೇರಿ 1865ರಿಂದ 1867ರ ನಡುವೆ ಮೈಕ್ರೋಸ್ಕೋಪಿನ ಬಗ್ಗೆಯೇ ಒಂದು ದಪ್ಪ ಪುಸ್ತಕ ಬರೆದರು.

ಈ ಅಭ್ಯಾಸ ಇಟ್ಟುಕೊಂಡು ಶ್ವೆಂಡೆನರ್ ಕಲ್ಲುಹೂವುಗಳನ್ನು ಕೊಯ್ದು ನೋಡಲು ಶುರುಮಾಡಿದ. ತೆಳ್ಳಗೆ ಸೀಳಿದ ಕಲ್ಲುಹೂವನ್ನು ಮಸೂರದ ಕೆಳಗಿಟ್ಟರೆ ಕಾಣುವುದು ಮುಖ್ಯವಾಗಿ ಎರಡು. ಒಂದು, ಬಣ್ಣವಿಲ್ಲದ ಎಳೆಗಳ ದಟ್ಟ ಹೆಣಿಗೆ. ಇನ್ನೊಂದು, ಆ ಹೆಣಿಗೆಯ ನಡುವೆ ಸಿಕ್ಕಿಕೊಂಡಿರುವ ಹಸಿರು ಉಂಡೆಗಳು. ಹಸಿರು ಉಂಡೆಗಳಿಗೆ ಪಂಡಿತರು ಗೊನಿಡಿಯಾ ಅಂತ ಹೆಸರಿಟ್ಟಿದ್ದರು, ಅವು ಎಳೆಗಳಿಂದಲೇ ಮೊಳೆತ ಅಂಗಗಳು ಅಂತ ನಂಬಿದ್ದರು. ಶ್ವೆಂಡೆನರ್ ಕೂಡ ಹಾಗೇ ನಂಬಿದ್ದ. 1860ರಿಂದ ಕಂತುಗಳಲ್ಲಿ ಪ್ರಕಟವಾದ ಅವನ ದೊಡ್ಡ ಅಧ್ಯಯನದ ಆರಂಭದ ಭಾಗಗಳು ಇದೇ ನಂಬಿಕೆಯ ಮೇಲೆ ನಿಂತಿವೆ.

ನಂಬಿಕೆ ಕುಸಿದದ್ದು ಅವನ ಸ್ವಂತ ಕಣ್ಣಿನಿಂದ. ಎಳೆಯ ತುದಿಯಿಂದ ಹಸಿರು ಉಂಡೆ ಹುಟ್ಟುವ ಕ್ಷಣವನ್ನು ಎಷ್ಟು ಹುಡುಕಿದರೂ ಅನುಮಾನವಿಲ್ಲದಂತೆ ತೋರಿಸಲು ಆಗುತ್ತಿರಲಿಲ್ಲ. ಬದಲಿಗೆ ಆ ಉಂಡೆಗಳು ಒದ್ದೆ ಮರದ ತೊಗಟೆಯ ಮೇಲೆ, ಕಲ್ಲಿನ ಮೇಲೆ ಸ್ವತಂತ್ರವಾಗಿ ಬದುಕುವ ಪಾಚಿಗಳಂತೆಯೇ ಇದ್ದವು. ಎಳೆಗಳೋ, ಶಿಲೀಂಧ್ರದ ಎಳೆಗಳ ಪಡಿಯಚ್ಚು. ಈ ಹೋಲಿಕೆ ಬೇರೆಯವರ ಕಣ್ಣಿಗೂ ಬಿದ್ದಿತ್ತು. ಜರ್ಮನಿಯ ಆಂಟನ್ ಡಿ ಬಾರಿ 1866ರಲ್ಲೇ, ಲೋಳೆಲೋಳೆಯಾದ ಒಂದು ಜಾತಿಯ ಕಲ್ಲುಹೂವುಗಳು ಶಿಲೀಂಧ್ರ ಹೊಕ್ಕ ಪಾಚಿಗಳಿರಬಹುದೇ ಎಂದು ಅನುಮಾನಿಸಿದ್ದ. ರಷ್ಯಾದ ಫಾಮಿಂಟ್ಸಿನ್ ಮತ್ತು ಬಾರಾನೆಟ್ಸ್ಕಿ ಎಂಬಿಬ್ಬರು 1867ರಲ್ಲಿ ಕಲ್ಲುಹೂವಿನಿಂದ ಹಸಿರು ಉಂಡೆಗಳನ್ನು ಹೊರತೆಗೆದು, ಅವು ಒಂಟಿಯಾಗಿಯೇ ಬದುಕಿ ಪಾಚಿಗಳಂತೆ ಈಜುವ ಬೀಜಕಣಗಳನ್ನು ಬಿಡುತ್ತವೆ ಎಂದು ತೋರಿಸಿದ್ದರು. ಆದರೂ ಆ ಇಬ್ಬರು ಕೊನೆಯ ಹೆಜ್ಜೆ ಇಡಲಿಲ್ಲ. ಕಲ್ಲುಹೂವೇ ಮೂಲ, ಪಾಚಿ ಅಂತ ನಾವು ಕರೆಯುತ್ತಿರುವುದು ಅದರಿಂದ ಕಳಚಿಕೊಂಡ ತುಣುಕು ಎನ್ನುವ ಕಡೆಗೇ ವಾಲಿದರು. ಸಾಕ್ಷ್ಯ ಕೈಯಲ್ಲೇ ಇದ್ದಾಗಲೂ ಹಳೆಯ ಚೌಕಟ್ಟು ಬಿಡುವುದು ಎಷ್ಟು ಕಷ್ಟ ನೋಡಿ.

ಕೊನೆಯ ಹೆಜ್ಜೆ ಇಟ್ಟದ್ದು ಶ್ವೆಂಡೆನರ್. 1867ರ ಸೆಪ್ಟೆಂಬರ್ 10ರಂದು ರೈನ್‌ಫೆಲ್ಡೆನ್‌ನಲ್ಲಿ ಸ್ವಿಸ್ ನಿಸರ್ಗ ವಿಜ್ಞಾನಿಗಳ ಸಂಘದ ಸಭೆ ನಡೆಯಿತು. ಅಲ್ಲಿ ಅವನು ಮಂಡಿಸಿದ ವಿಚಾರದ ತಿರುಳು ಇಷ್ಟೇ: ಕಲ್ಲುಹೂವು ಒಂದು ಜೀವಿಯಲ್ಲ. ಅದು ಶಿಲೀಂಧ್ರ ಮತ್ತು ಪಾಚಿ ಎರಡೂ ಸೇರಿದ ಜೋಡಿ. ಎರಡು ವರ್ಷದ ನಂತರ, 1869ರಲ್ಲಿ, ಯಾವ ಯಾವ ಗುಂಪಿನ ಕಲ್ಲುಹೂವಿನಲ್ಲಿ ಯಾವ ಯಾವ ಪಾಚಿ ಇದೆ ಎಂದು ಚಿತ್ರ ಸಮೇತ ಒಂದು ಪುಸ್ತಿಕೆ ತಂದ. ವಿಜ್ಞಾನದ ಚರಿತ್ರೆಯಲ್ಲಿ ಅವನ ಹೆಸರು ಉಳಿದಿರುವುದು ಮುಖ್ಯವಾಗಿ ಇದರಿಂದ.

ರೂಪಕ ಬಂದಿದ್ದೂ ಇದೇ ಪುಸ್ತಿಕೆಯಲ್ಲಿ. ಶಿಲೀಂಧ್ರ ಒಡೆಯ, ಪಾಚಿಗಳು ಗುಲಾಮರು. ಬೇರೆಯವರ ದುಡಿಮೆಯ ಮೇಲೆ ಬದುಕಿ ರೂಢಿಯಾದ ಪರಾವಲಂಬಿ ಶಿಲೀಂಧ್ರವು ಸುತ್ತಮುತ್ತ ಹುಡುಕಿ ಹಿಡಿದ ಹಸಿರು ಪಾಚಿಗಳನ್ನು ತನಗಾಗಿ ದುಡಿಸುತ್ತದೆ. ಜೇಡ ತನ್ನ ಬೇಟೆಯನ್ನು ಬಲೆಯಲ್ಲಿ ಸುತ್ತುವಂತೆ ಅವುಗಳನ್ನು ಎಳೆಗಳಿಂದ ಸುತ್ತುತ್ತದೆ. ಒಂದೇ ವ್ಯತ್ಯಾಸ, ಜೇಡ ಬೇಟೆಯನ್ನು ಹೀರಿ ಮುಗಿಸುತ್ತದೆ, ಶಿಲೀಂಧ್ರ ಹಾಗೆ ಮಾಡುವುದಿಲ್ಲ. ಅದು ಪಾಚಿಯನ್ನು ಇನ್ನಷ್ಟು ಹುರುಪಿನಿಂದ ಬೆಳೆಯಲು, ಹೆಚ್ಚಲು ಪ್ರಚೋದಿಸುತ್ತದೆ.

ರಷ್ಯಾದಲ್ಲಿ ಜೀತದ ರೈತರನ್ನು ಬಿಡುಗಡೆ ಮಾಡಿದ್ದು 1861ರಲ್ಲಿ. ಅಮೆರಿಕದಲ್ಲಿ ಸಂವಿಧಾನ ತಿದ್ದುಪಡಿಯಿಂದ ಗುಲಾಮಗಿರಿ ರದ್ದಾಗಿದ್ದು 1865ರಲ್ಲಿ. ಅದಾಗಿ ನಾಲ್ಕೇ ವರ್ಷಕ್ಕೆ ಮ್ಯೂನಿಕ್‌ನಲ್ಲಿ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಕಳೆದವನೊಬ್ಬನಿಗೆ ಹಸಿರು ಉಂಡೆಗಳಲ್ಲಿ ಗುಲಾಮರು ಕಂಡರು. ಇದನ್ನು ಓದಿದಾಗ ನನಗೆ ಎರಡು ಅನ್ನಿಸಿತು. ಒಂದು, ಸಮಾಜದ ಭಾಷೆ ಪ್ರಯೋಗಾಲಯದ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗುವುದಿಲ್ಲ. ಇನ್ನೊಂದು, ಈ ರೂಪಕವನ್ನು ಇವತ್ತಿನ ಕಣ್ಣಿನಿಂದ ನೋಡಿ ಥೂ ಅಂದುಬಿಡುವುದು ಸುಲಭ, ಆದರೆ ಅದರಲ್ಲಿ ಒಂದು ಒರಟು ಪ್ರಾಮಾಣಿಕತೆ ಇದೆ. ದುಡಿಯುತ್ತಿರುವುದು ಯಾರು, ಉಣ್ಣುತ್ತಿರುವುದು ಯಾರು ಎಂಬ ಪ್ರಶ್ನೆಯನ್ನು ಅದು ಮುಚ್ಚಿಡುವುದಿಲ್ಲ. ಹೊಲದಲ್ಲಿ ದುಡಿಯುವವರ ಮನೆಯಿಂದ ಬಂದವನಿಗೆ ಆ ಪ್ರಶ್ನೆ ಸಹಜವಾಗಿ ಹೊಳೆದಿರಬಹುದು. ಇದು ನನ್ನ ಊಹೆ.

ಪ್ರತಿಕ್ರಿಯೆ ಜೋರಾಗಿಯೇ ಬಂತು. ಬ್ರಿಟನ್ನಿನ ಜೇಮ್ಸ್ ಕ್ರೋಂಬಿ ಎಂಬ ಪಾದ್ರಿ ಪಂಡಿತ, ಸೆರೆಸಿಕ್ಕ ಪಾಚಿ ಕನ್ಯೆಯೂ ದುಷ್ಟ ಶಿಲೀಂಧ್ರ ಯಜಮಾನನೂ ಇರುವ ಅಸಹಜ ದಾಂಪತ್ಯದ ಅಗ್ಗದ ಪ್ರೇಮಕತೆ ಎಂಬಂತೆ ಗೇಲಿ ಮಾಡಿದ. ಆ ಕಾಲದ ಟ್ರೋಲಿಂಗ್ ಅನ್ನಿ. ಜಿನೀವಾದಲ್ಲಿದ್ದ ಮ್ಯುಲರ್ ಎಂಬವನು ಎಳೆಗಳೊಳಗೇ ಸೂಕ್ಷ್ಮ ಗೊನಿಡಿಯಾಗಳಿವೆ ಎಂಬ ವಾದದ ಬೆನ್ನಿಗೆ ನಿಂತ. ಆದರೆ ನಿಜವಾದ ಎದುರಾಳಿ ಪ್ಯಾರಿಸ್‌ನಲ್ಲಿದ್ದ. ಅವನ ಕತೆ ಇಲ್ಲದೆ ಶ್ವೆಂಡೆನರ್ ಕತೆ ಪೂರ್ತಿ ಆಗುವುದಿಲ್ಲ.

ವಿಲಿಯಂ ನೈಲಾಂಡರ್ ಹುಟ್ಟಿದ್ದು 1822ರಲ್ಲಿ, ಫಿನ್ಲೆಂಡಿನ ಔಲು ಪಟ್ಟಣದಲ್ಲಿ. ವೈದ್ಯಕೀಯ ಓದಿದ, ಇರುವೆಗಳ ಬಗ್ಗೆ ಒಳ್ಳೆಯ ಕೆಲಸ ಮಾಡಿದ, ಆಮೇಲೆ ಕಲ್ಲುಹೂವಿಗೆ ಬಿದ್ದ. ಹೆಲ್ಸಿಂಕಿ ವಿಶ್ವವಿದ್ಯಾಲಯದ ಮೊದಲ ಸಸ್ಯಶಾಸ್ತ್ರ ಪ್ರೊಫೆಸರ್ ಆದ. 1863ರಲ್ಲಿ ಆ ಹುದ್ದೆಗೆ ರಾಜೀನಾಮೆ ಕೊಟ್ಟು ಪ್ಯಾರಿಸ್‌ಗೆ ಹೋದವನು ಸಾಯುವವರೆಗೂ ಅಲ್ಲೇ ಉಳಿದ. ಜಗತ್ತಿನ ಮೂಲೆಮೂಲೆಯಿಂದ ಕಲ್ಲುಹೂವುಗಳ ಪೊಟ್ಟಣಗಳು ಅವನ ಬಳಿಗೆ ಬರುತ್ತಿದ್ದವು, ಸಾವಿರಾರು ಜಾತಿಗಳಿಗೆ ಹೆಸರಿಟ್ಟ. 1866 ಒಂದೇ ವರ್ಷದಲ್ಲಿ ಅವನು ಎರಡು ದೊಡ್ಡ ಕೆಲಸ ಮಾಡಿದ.

ಮೊದಲನೆಯದು ರಸಾಯನದ್ದು. ಕಣ್ಣಿಗೆ ಒಂದೇ ಥರ ಕಾಣುವ ಎರಡು ಕಲ್ಲುಹೂವುಗಳ ಮೇಲೆ ಕಾಸ್ಟಿಕ್ ಪೊಟ್ಯಾಶ್ ದ್ರಾವಣದ ಒಂದು ಹನಿ ಹಾಕು, ಒಂದು ಕೆಂಪಾಗುತ್ತದೆ, ಇನ್ನೊಂದು ಹಾಗೇ ಉಳಿಯುತ್ತದೆ. ಬ್ಲೀಚಿಂಗ್ ಪೌಡರಿನ ದ್ರಾವಣದಿಂದಲೂ ಇಂಥದ್ದೇ ಪರೀಕ್ಷೆ. ಕಾರಣ ಒಳಗಿರುವ ಆಮ್ಲಗಳು ಬೇರೆ ಬೇರೆ. ಒಂದೂವರೆ ಶತಮಾನ ದಾಟಿದರೂ ಕಲ್ಲುಹೂವಿನ ಸಂಶೋಧಕರು ಕಾಡಿಗೆ ಹೋಗುವಾಗ ಚೀಲದಲ್ಲಿ ಇವೇ ಎರಡು ಪುಟ್ಟ ಬಾಟಲಿ ಇಟ್ಟುಕೊಳ್ಳುತ್ತಾರೆ. ಎರಡನೆಯದು ಗಾಳಿಯದ್ದು. ಪ್ಯಾರಿಸ್‌ನ ನಡುವಿನ ಲಕ್ಸಂಬರ್ಗ್ ಉದ್ಯಾನದಲ್ಲಿರುವ ಕಲ್ಲುಹೂವುಗಳನ್ನು ಪಟ್ಟಿ ಮಾಡಿ, ನಗರದ ಬೇರೆ ಕಡೆ ಇವು ಇಲ್ಲವಲ್ಲ ಎಂದು ಗಮನಿಸಿ, ಗಾಳಿ ಎಷ್ಟು ಆರೋಗ್ಯಕರ ಎಂಬುದನ್ನು ಇವುಗಳಿಂದ ಅಳೆಯಬಹುದು ಎಂದು ಬರೆದ. ಮೂವತ್ತು ವರ್ಷ ಬಿಟ್ಟು, 1896ರ ಹೊತ್ತಿಗೆ, ಅವನು ಪಟ್ಟಿ ಮಾಡಿದ್ದ ಆ ಕಲ್ಲುಹೂವುಗಳು ಉದ್ಯಾನದಿಂದಲೂ ಮಾಯವಾಗಿದ್ದವು. ಕಲ್ಲಿದ್ದಲ ಹೊಗೆ ಅಷ್ಟರಲ್ಲಿ ಅಲ್ಲಿಗೂ ತಲುಪಿತ್ತು.

ಇಷ್ಟು ಚುರುಕು ಕಣ್ಣಿನ ಮನುಷ್ಯ ಶ್ವೆಂಡೆನರ್ ಹೇಳಿದ್ದನ್ನು ಸಾಯುವವರೆಗೂ ಒಪ್ಪಲಿಲ್ಲ. ಒಪ್ಪಿದವರ ಜೊತೆ ಮಾತು ಬಿಟ್ಟ. ಕೊನೆಗಾಲದಲ್ಲಿ ಒಂಟಿಯಾಗಿ ಬದುಕಿ 1899ರಲ್ಲಿ ತೀರಿಕೊಂಡ. ಅವನ ಬೃಹತ್ ಸಂಗ್ರಹ ಈಗ ಹೆಲ್ಸಿಂಕಿಯಲ್ಲಿದೆ.

ಯಾಕಿಷ್ಟು ಹಟ? ಅಹಂಕಾರ ಅಂತ ಹೇಳಿ ಮುಗಿಸಿದರೆ ಅನ್ಯಾಯವಾಗುತ್ತದೆ. ನೈಲಾಂಡರ್ ಥರದವರಿಗೆ ಕಲ್ಲುಹೂವು ಅಂದರೆ ಜೀವಲೋಕದಲ್ಲಿ ಒಂದು ಸ್ವತಂತ್ರ ವರ್ಗ. ಅದಕ್ಕೆ ತನ್ನದೇ ಶಾಸ್ತ್ರ, ತನ್ನದೇ ಪರಿಣತರು, ತನ್ನದೇ ಪತ್ರಿಕೆಗಳ ಪುಟಗಳು. ಅದು ಇಬ್ಬರು ಕೂಡಿ ಕಟ್ಟಿದ ಮನೆ ಅಂತಾದರೆ ಒಂದು ಇಡೀ ಇಲಾಖೆಯೇ ರದ್ದಾದಂತೆ. ಶಿಲೀಂಧ್ರದ ಇಲಾಖೆಗೆ ಅರ್ಧ, ಪಾಚಿಯ ಇಲಾಖೆಗೆ ಅರ್ಧ. ಅಲ್ಲದೆ ಶ್ವೆಂಡೆನರ್ ಹೆಸರಿಡುವ ಕಸುಬಿನವನಲ್ಲ, ಕೊಯ್ದು ನೋಡುವ ಅಂಗರಚನೆಯ ಮನುಷ್ಯ. ಹೊರಗಿನವನು ಬಂದು ನಿಮ್ಮ ಕ್ಷೇತ್ರವೇ ಇಲ್ಲ ಅಂದರೆ ಯಾವ ಗುಂಪು ಚಪ್ಪಾಳೆ ತಟ್ಟುತ್ತದೆ? ನಮ್ಮ ವಿಶ್ವವಿದ್ಯಾಲಯಗಳ ಸಿಂಡಿಕೇಟ್ ಸಭೆಗಳ ವರದಿ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಜಗಳ ತೀರ್ಮಾನವಾಗಿದ್ದು ವಾದದಿಂದಲ್ಲ, ಪ್ರಯೋಗದಿಂದ. 1871ರಲ್ಲಿ ಮ್ಯಾಕ್ಸ್ ರೀಸ್ ಎಂಬಾತ ಕಲ್ಲುಹೂವೊಂದರ ಶಿಲೀಂಧ್ರ ಬೀಜಕಣಗಳನ್ನು ನಾಸ್ಟಾಕ್ ಎಂಬ ನೀಲಿಹಸಿರು ಜೀವಿಯ ಮೇಲೆ ಬಿತ್ತಿದ. ಎಳೆಗಳು ಅದರೊಳಗೆ ಹೊಕ್ಕು ಜೋಡಿ ಕೂಡುವುದು ಕಾಣಿಸಿತು. 1873ರಲ್ಲಿ ಎಡ್ವರ್ಡ್ ಬೋರ್ನೆ ಅನೇಕ ಗುಂಪುಗಳಲ್ಲಿ ಎಳೆ ಮತ್ತು ಪಾಚಿ ಹೇಗೆ ಅಂಟಿಕೊಳ್ಳುತ್ತವೆ ಅಂತ ವಿವರವಾಗಿ ತೋರಿಸಿದ. ಅವನೂ ಫ್ರಾನ್ಸಿನವನೇ, ನೈಲಾಂಡರನ ಅಂಗಳದಲ್ಲೇ. 1877ರಲ್ಲಿ ಅರ್ನ್ಸ್ಟ್ ಸ್ಟಾಲ್ ಬೀಜಕಣ ಮತ್ತು ಪಾಚಿಯನ್ನು ಬೇರೆಬೇರೆಯಾಗಿ ತೆಗೆದುಕೊಂಡು ಇಡೀ ಕಲ್ಲುಹೂವನ್ನೇ ಬೆಳೆಸಿದ.

ಈ ಗೆಲುವಿನ ಹೊತ್ತಿಗೆ ಶ್ವೆಂಡೆನರ್ ಎಲ್ಲಿದ್ದ? ಕಲ್ಲುಹೂವನ್ನು ಹೆಚ್ಚುಕಡಿಮೆ ಬಿಟ್ಟೇಬಿಟ್ಟಿದ್ದ. 1867ರಲ್ಲಿ ಬಾಸೆಲ್‌ನಲ್ಲಿ ಪ್ರೊಫೆಸರ್ ಆಗಿ, ಅಲ್ಲಿ ಇನ್ನೊಂದು ಹುಚ್ಚು ಹಿಡಿಸಿಕೊಂಡಿದ್ದ. ಇಂಜಿನಿಯರಿಂಗ್ ಓದಿದ ನನಗೆ ಅವನ ಬದುಕಿನಲ್ಲಿ ತುಂಬ ಖುಷಿ ಕೊಡುವ ಭಾಗ ಇದು.

1874ರಲ್ಲಿ ಅವನು ಪ್ರಕಟಿಸಿದ ಪುಸ್ತಕದ ವಿಷಯ, ಏಕದಳ ಸಸ್ಯಗಳ ಒಳರಚನೆಯಲ್ಲಿರುವ ಯಂತ್ರಶಾಸ್ತ್ರ. ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಕ್ಲಾಸಿನಲ್ಲಿ ಕಲಿತದ್ದು ನೆನಪಿದ್ದವರಿಗೆ ಥಟ್ಟನೆ ಹೊಳೆಯುತ್ತದೆ. ಒಂದು ತೊಲೆಯನ್ನು ಬಗ್ಗಿಸಿದರೆ ಮೇಲಂಚು ಮತ್ತು ಕೆಳಂಚಿನ ಮೇಲೆ ಹೆಚ್ಚು ಒತ್ತಡ, ನಡುಮಧ್ಯೆ ಕಡಿಮೆ. ಅದಕ್ಕೇ ಐ-ಬೀಮ್‌ನಲ್ಲಿ ಕಬ್ಬಿಣವನ್ನು ಅಂಚುಗಳಿಗೆ ಹಾಕಿ ನಡುವೆ ತೆಳುವಾಗಿಸುವುದು. ಶ್ವೆಂಡೆನರ್ ಹುಲ್ಲಿನ ಕಾಂಡವನ್ನು ಅಡ್ಡಕ್ಕೆ ಕೊಯ್ದು, ಗಟ್ಟಿ ನಾರಿನ ಎಳೆಗಳು ಹೊರ ಅಂಚಿಗೆ ಹೇಗೆ ಸೇರಿಕೊಂಡಿವೆ ನೋಡಿ ಎಂದು ತೋರಿಸಿದ. ಬಿದಿರನ್ನೋ ಜೋಳದ ದಂಟನ್ನೋ ಅಡ್ಡ ಸೀಳಿದವರಿಗೆ ಗೊತ್ತಿರುವ ದೃಶ್ಯ. ಸಿಪ್ಪೆಯ ಹತ್ತಿರ ನಾರು ದಟ್ಟ, ಒಳಗೆ ಬೆಂಡು ಅಥವಾ ಟೊಳ್ಳು. ಆ ನಾರಿಗೆ ಭಾರ ಕಟ್ಟಿ, ಎಳೆದು, ಅದರ ತಾಳಿಕೆಯನ್ನು ಕಬ್ಬಿಣದ ಜೊತೆ ಹೋಲಿಸಿದ. ಯುರೋಪಿನ ಉದ್ದಗಲಕ್ಕೆ ರೈಲ್ವೆ ಸೇತುವೆಗಳು ಏಳುತ್ತಿದ್ದ ಕಾಲದಲ್ಲಿ ಹುಲ್ಲುಕಡ್ಡಿಯೊಳಗೆ ಸೇತುವೆ ಕಂಡವನು ಅವನು. ಸಸ್ಯದ ಪ್ರತಿ ಅಂಗಾಂಶಕ್ಕೂ ಒಂದು ಕೆಲಸವಿದೆ, ಆ ಕೆಲಸದಿಂದ ಅದನ್ನು ಅರ್ಥಮಾಡಿಕೊಳ್ಳಬೇಕು ಎಂಬ ಈ ದಾರಿಯನ್ನು ಅವನ ಶಿಷ್ಯ ಗಾಟ್ಲೀಬ್ ಹಾಬರ್‌ಲಾಂಟ್ ಮುಂದೆ ದೊಡ್ಡ ಶಾಸ್ತ್ರವಾಗಿ ಬೆಳೆಸಿದ.

1877ರಲ್ಲಿ ಟ್ಯೂಬಿಂಗನ್, ಮರುವರ್ಷವೇ ಬರ್ಲಿನ್. ಬುಕ್ಸ್‌ನ ರೈತನ ಮಗ ಜರ್ಮನ್ ಸಾಮ್ರಾಜ್ಯದ ರಾಜಧಾನಿಯ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರದ ಪೀಠ ಹಿಡಿದು ಮೂರು ದಶಕ ಅಲ್ಲೇ ಉಳಿದ. ಎಲೆಗಳು ಕಾಂಡದ ಸುತ್ತ ಜೋಡಣೆಯಾಗುವುದಕ್ಕೂ ಯಾಂತ್ರಿಕ ಕಾರಣ ಕೊಡಲು ಹೋದ. ಆ ಸಿದ್ಧಾಂತ ಅಷ್ಟೇನೂ ಬಾಳಲಿಲ್ಲ.

ಅತ್ತ, ರೂಪಕದ ಮೇಲಿನ ಜಗಳ ಬೇರೆ ತಿರುವು ಪಡೆಯಿತು. ಆಲ್ಬರ್ಟ್ ಬರ್ನ್‌ಹಾರ್ಡ್ ಫ್ರಾಂಕ್ ಎಂಬ ವಿಜ್ಞಾನಿ 1877ರಲ್ಲಿ, ಯಾರು ಒಡೆಯ ಯಾರು ಆಳು ಎಂದು ಮೊದಲೇ ತೀರ್ಮಾನಿಸದೆ, ಸುಮ್ಮನೆ ಒಟ್ಟಿಗೆ ಬದುಕುವುದು ಎಂಬರ್ಥದ ಪದ ಬೇಕು ಅಂದ. 1878ರಲ್ಲಿ ಡಿ ಬಾರಿ ಕಾಸೆಲ್ ನಗರದ ಭಾಷಣದಲ್ಲಿ ಇಂಥದ್ದೇ ಪದ ಬಳಸಿದ, ಮರುವರ್ಷ ಅದು ಪುಸ್ತಕವಾಯಿತು. ನಾವು ಕನ್ನಡದಲ್ಲಿ ಸಹಜೀವನ ಅನ್ನುವುದು ಇದಕ್ಕೇ. ಆದರೆ ಗಮನಿಸಿ, ಡಿ ಬಾರಿಯ ಸಹಜೀವನದಲ್ಲಿ ಪರಾವಲಂಬನೆಯೂ ಸೇರಿತ್ತು. ಬೇರೆ ಬೇರೆ ಜೀವಿಗಳು ಜೊತೆಗಿರುವುದಷ್ಟೇ ಅದರ ಅರ್ಥ, ಪ್ರೀತಿಯಿಂದಲೋ ಶೋಷಣೆಯಿಂದಲೋ ಎಂಬುದು ಬೇರೆ ಪ್ರಶ್ನೆ. ಆಮೇಲೆ ಬಂದ ಪಠ್ಯಪುಸ್ತಕಗಳು ಅದನ್ನು ಸಿಹಿ ಮಾಡಿದವು. ಪಾಚಿ ಆಹಾರ ಕೊಡುತ್ತದೆ, ಶಿಲೀಂಧ್ರ ಮನೆ ಕೊಡುತ್ತದೆ, ಇಬ್ಬರಿಗೂ ಲಾಭ. ಎರಡು ಮಾರ್ಕಿನ ಪ್ರಶ್ನೆಗೆ ಎರಡು ಸಾಲಿನ ಉತ್ತರ.

ಈ ಸಿಹಿ ರೂಪಕದ ಬಗ್ಗೆ ನನಗೆ ಶ್ವೆಂಡೆನರನ ಕಹಿ ರೂಪಕಕ್ಕಿಂತ ಹೆಚ್ಚು ಅನುಮಾನ. ಕ್ಯಾಂಪಸ್ ಪ್ಲೇಸ್‌ಮೆಂಟಿನಲ್ಲಿ ಸಿಕ್ಕಿದ ನನ್ನ ಮೊದಲ ನೌಕರಿಯಲ್ಲಿ ಎಚ್‌ಆರ್‌ನವರು ನಾವೆಲ್ಲ ಒಂದೇ ಫ್ಯಾಮಿಲಿ ಅಂತ ಸ್ಲೈಡ್ ಹಾಕುತ್ತಿದ್ದರು. ಅದೇ ತ್ರೈಮಾಸಿಕದಲ್ಲಿ ಫ್ಯಾಮಿಲಿಯ ಹದಿಮೂರು ಜನರ ಐಡಿ ಕಾರ್ಡ್ ವಾಪಸ್ ಪಡೆದರು. ಜಮೀನ್ದಾರನೂ ಜೀತದಾಳಿನ ಬಗ್ಗೆ ಮಾತಾಡುವಾಗ ಅವನು ನಮ್ಮ ಮನೆಯವನೇ ಅನ್ನುತ್ತಿದ್ದ. ಲೆಕ್ಕ ಕೇಳದ ಸಹಜೀವನ ಒಡೆಯನಿಗೆ ಅನುಕೂಲದ ಪದ.

ಹಾಗಾದರೆ ಕಲ್ಲುಹೂವಿನ ಲೆಕ್ಕ ಏನು ಹೇಳುತ್ತದೆ? ಪಾಚಿ ಬಿಸಿಲಿನಲ್ಲಿ ತಯಾರಿಸುವ ಸಕ್ಕರೆಯ ಬಹುಪಾಲು ಶಿಲೀಂಧ್ರಕ್ಕೆ ಹೋಗುತ್ತದೆ. ಕಲ್ಲುಹೂವಿನೊಳಗಿನ ಪಾಚಿ ಸ್ವತಂತ್ರ ಪಾಚಿಯಷ್ಟು ವೇಗವಾಗಿ ವೃದ್ಧಿಯಾಗುವುದಿಲ್ಲ, ಲೈಂಗಿಕ ಸಂತಾನೋತ್ಪತ್ತಿಯ ಸಂಭ್ರಮವೆಲ್ಲ ಶಿಲೀಂಧ್ರದ್ದೇ. ಇಲ್ಲಿಯವರೆಗೆ ಶ್ವೆಂಡೆನರ್ ಕಡೆಗೇ ತಕ್ಕಡಿ ವಾಲುತ್ತದೆ. ಆದರೆ ಪಾಚಿಯನ್ನು ಹೊರತೆಗೆದರೆ ಅದು ಬದುಕಿಕೊಳ್ಳುತ್ತದೆ. ಶಿಲೀಂಧ್ರವನ್ನು ಹೊರತೆಗೆದರೆ ಅದು ಲ್ಯಾಬಿನ ತಟ್ಟೆಯಲ್ಲಿ ಆಕಾರವಿಲ್ಲದ ಮುದ್ದೆಯಾಗಿ ಕುಂಟುತ್ತದೆ, ಪ್ರಕೃತಿಯಲ್ಲಿ ಒಂಟಿಯಾಗಿ ಬಾಳುವುದು ಹೆಚ್ಚುಕಡಿಮೆ ಆಗದ ಮಾತು. ಆಳಿಲ್ಲದೆ ಒಡೆಯನಿಲ್ಲ. ಶ್ವೆಂಡೆನರ್ ಕೊನೆಗೆ ಪಾಠ ಮಾಡಿದ ಅದೇ ಬರ್ಲಿನ್ ವಿಶ್ವವಿದ್ಯಾಲಯದಲ್ಲಿ ಅವನಿಗಿಂತ ಅರ್ಧ ಶತಮಾನ ಮೊದಲು ಪಾಠ ಮಾಡಿದ್ದ ಹೆಗೆಲ್, ಒಡೆಯನೇ ಆಳಿನ ಮೇಲೆ ಅವಲಂಬಿತ ಎಂಬ ತಿರುವನ್ನು 1807ರಲ್ಲೇ ತತ್ವಶಾಸ್ತ್ರವಾಗಿ ಬರೆದಿದ್ದ.

ಇತ್ತೀಚಿನ ಸಂಶೋಧನೆ ಇದನ್ನು ಇನ್ನಷ್ಟು ಗೋಜಲು ಮಾಡಿದೆ. ಉತ್ತರ ಅಮೆರಿಕದ ಮರಗಳಿಂದ ಕೂದಲಿನಂತೆ ಜೋತುಬೀಳುವ ಎರಡು ಕಲ್ಲುಹೂವುಗಳಿವೆ. ಒಂದು ಕಂದು, ಅಲ್ಲಿನ ಮೂಲನಿವಾಸಿಗಳು ಬೇಯಿಸಿ ತಿನ್ನುತ್ತಿದ್ದರು. ಇನ್ನೊಂದು ಹಳದಿ, ವಲ್ಪಿನಿಕ್ ಆಮ್ಲ ತುಂಬಿದ ವಿಷ. ಈ ಆಮ್ಲವಿರುವ ಇನ್ನೊಂದು ಕಲ್ಲುಹೂವನ್ನು ಸ್ಕ್ಯಾಂಡಿನೇವಿಯಾದಲ್ಲಿ ತೋಳಗಳಿಗೆ ವಿಷ ಇಡಲು ಬಳಸುತ್ತಿದ್ದರು. ಡಿಎನ್ಎ ನೋಡಿದರೆ ಕಂದು, ಹಳದಿ ಎರಡರಲ್ಲೂ ಅದೇ ಶಿಲೀಂಧ್ರ, ಅದೇ ಪಾಚಿ. ಮತ್ತೆ ಒಂದು ಊಟ, ಒಂದು ವಿಷ ಹೇಗೆ? ಟೋಬಿ ಸ್ಪ್ರಿಬಿಲ್ ಮತ್ತು ಸಂಗಡಿಗರು 2016ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದ ಉತ್ತರ ಕ್ಷೇತ್ರವನ್ನೇ ಅಲುಗಾಡಿಸಿತು. ಹೊರಪದರದಲ್ಲಿ ಮೂರನೆಯವನೊಬ್ಬನಿದ್ದ, ಬೇರೆಯೇ ಗುಂಪಿನ ಒಂದು ಯೀಸ್ಟ್. ವಿಷದ ಹಳದಿಯಲ್ಲಿ ಅದು ಹೆಚ್ಚು. ಒಂದೂವರೆ ಶತಮಾನ ಮೈಕ್ರೋಸ್ಕೋಪಿನಲ್ಲಿ ನೋಡಿದವರ ಕಣ್ತಪ್ಪಿ ಅದು ಅಲ್ಲೇ ಕುಳಿತಿತ್ತು. 2019ರಲ್ಲಿ ತೋಳದ ಕಲ್ಲುಹೂವಿನಲ್ಲಿ ಇನ್ನೂ ಒಂದು ಶಿಲೀಂಧ್ರ ಸಿಕ್ಕಿತು.

ಹಾಗಂತ ಎಲ್ಲ ಕಲ್ಲುಹೂವೂ ತ್ರಿವಳಿ ಅಂತ ಬರೆದ ಹೆಡ್‌ಲೈನ್‌ಗಳು ಅವಸರದವು. ಅದೇ 2019ರಲ್ಲಿ 339 ಜಾತಿಗಳ ಜೀನೋಮ್ ಮಾಹಿತಿ ಜಾಲಾಡಿದ ಇನ್ನೊಂದು ತಂಡಕ್ಕೆ ಈ ಯೀಸ್ಟ್‌ಗಳು ಎಲ್ಲೆಡೆ ಇರುವ ಪಾಲುದಾರರಂತೆ ಕಾಣಲಿಲ್ಲ. ಕೆಲವು ಕಡೆ ಇವೆ, ಬಹಳ ಕಡೆ ಇಲ್ಲ. ಕಲ್ಲುಹೂವುಗಳೇ ಮೊದಲು ನೆಲಕ್ಕೆ ಬಂದ ಜೀವಿಗಳು, ಗಿಡಗಳಿಗೆ ದಾರಿ ಮಾಡಿಕೊಟ್ಟವು ಎಂಬ ಪಠ್ಯಪುಸ್ತಕದ ಕತೆಗೂ ವಂಶವೃಕ್ಷದ ಅಧ್ಯಯನಗಳಲ್ಲಿ ಆಧಾರ ಸಿಗುತ್ತಿಲ್ಲ. ನಮಗೆ ಗೊತ್ತಿರುವ ಕಲ್ಲುಹೂವಿನ ಗುಂಪುಗಳು ನಾಳಗಳಿರುವ ಸಸ್ಯಗಳ ನಂತರ ಬಂದವು. ಇನ್ನು ಗುಲಾಮ ಎನಿಸಿಕೊಂಡ ಪಾಚಿ? 2024ರಲ್ಲಿ ಪ್ರಕಟವಾದ ಜೀನೋಮ್ ಅಧ್ಯಯನವೊಂದರ ಪ್ರಕಾರ, ಹಸಿರು ಪಾಚಿಗಳಲ್ಲಿ ಈ ಜೋಡಿ ಕೂಡುವ ಸಾಮರ್ಥ್ಯ ಒಂದಕ್ಕಿಂತ ಹೆಚ್ಚು ಬಾರಿ ವಿಕಾಸವಾಗಿದೆ, ಅದಕ್ಕೆ ಜೊತೆಯಾದ ಒಂದು ಜೀನ್ ಬೇರೆ ಜೀವಿಯಿಂದ ಎರವಲು ಬಂದದ್ದು. ಅಂದರೆ ಪಾಚಿ ಸುಮ್ಮನೆ ಬಲೆಗೆ ಬಿದ್ದದ್ದಲ್ಲ, ಅದೂ ಈ ಒಪ್ಪಂದಕ್ಕೆ ತನ್ನದೇ ತಯಾರಿಯೊಂದಿಗೆ ಬಂದಿದೆ.

ರಸಾಯನದ ಕಡೆಯೂ ಕೆಲಸ ಜೋರಾಗಿದೆ. ಕಲ್ಲುಹೂವುಗಳಲ್ಲಿ ಸಾವಿರಕ್ಕೂ ಹೆಚ್ಚು ವಿಶಿಷ್ಟ ರಾಸಾಯನಿಕಗಳು ಪತ್ತೆಯಾಗಿವೆ. ಬಿಸಿಲಿಗೆ ಕೊಡೆ, ತಿನ್ನುವವರಿಗೆ ಕಹಿ, ಬ್ಯಾಕ್ಟೀರಿಯಾಕ್ಕೆ ವಿಷ. ಕಲ್ಲುಹೂವು ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುವುದರಿಂದ ಇವನ್ನು ಲೆಕ್ಕಕ್ಕೆ ಸಿಗುವಷ್ಟು ತೆಗೆಯುವುದೇ ಕಷ್ಟ. ಈಗ ಅಟ್ರನೋರಿನ್‌ನಂಥ ವಸ್ತು ಮಾಡುವ ಜೀನ್‌ಗಳನ್ನು ಗುರುತಿಸಿ, ಬೇಗ ಬೆಳೆಯುವ ಬೇರೆ ಶಿಲೀಂಧ್ರಕ್ಕೆ ಹಾಕಿ, ಅಲ್ಲಿ ಆ ವಸ್ತುವನ್ನು ತಯಾರಿಸಿ ತೋರಿಸಿದ್ದಾರೆ. ನೈಲಾಂಡರ್ ಒಂದು ಹನಿ ಪೊಟ್ಯಾಶ್ ಹಾಕಿ ಹಳದಿ ಬಣ್ಣವಾಗಿ ಕಂಡದ್ದರ ಹಿಂದೆ ಇರುತ್ತಿದ್ದ ವಸ್ತುಗಳಲ್ಲಿ ಅಟ್ರನೋರಿನ್ನೂ ಒಂದು.

ಅವನ ಉದ್ಯಾನದ ಲೆಕ್ಕವೂ ನಿಂತಿಲ್ಲ. ಕಲ್ಲುಹೂವಿಗೆ ಬೇರಿಲ್ಲ, ಎಲೆಯ ಮೇಲಿನ ಮೇಣದ ಹೊದಿಕೆಯಿಲ್ಲ, ಗಾಳಿ ಮಳೆಯಲ್ಲಿ ಏನಿದೆಯೋ ಅದನ್ನೇ ಹೀರಬೇಕು. ಗಂಧಕದ ಡೈಆಕ್ಸೈಡ್ ಹೆಚ್ಚಾದರೆ ಮೊದಲು ಏಟು ಬೀಳುವುದು ಪಾಚಿಯ ಹಸಿರಿಗೆ, ಹಿಂದೆಯೇ ಶಿಲೀಂಧ್ರ ಉಪವಾಸ ಬೀಳುತ್ತದೆ. ಪ್ಯಾರಿಸ್‌ನಲ್ಲಿ ಕಲ್ಲಿದ್ದಲ ಹೊಗೆ ಇಳಿದ ಮೇಲೆ, 1990ರ ಹೊತ್ತಿಗೆ, ಲಕ್ಸಂಬರ್ಗ್ ಉದ್ಯಾನದ ಮರಗಳಿಗೆ ಕೆಲವು ಕಲ್ಲುಹೂವುಗಳು ಮರಳಿ ಬಂದಿರುವುದನ್ನು ಸಂಶೋಧಕರು ದಾಖಲಿಸಿದರು. ನಮ್ಮಲ್ಲೂ ಇಂಥ ಲೆಕ್ಕ ಶುರುವಾಗಿ ಕಾಲವಾಯಿತು. ಬೆಂಗಳೂರಿನಲ್ಲಿ ಕಲ್ಲುಹೂವುಗಳು ಎಲ್ಲೆಲ್ಲಿ ಉಳಿದಿವೆ, ಅವುಗಳಲ್ಲಿ ಎಷ್ಟು ಭಾರಲೋಹ ಸೇರಿದೆ ಎಂಬುದನ್ನು, ಲಾಲ್‌ಬಾಗನ್ನು ವಿಶೇಷವಾಗಿ ಇಟ್ಟುಕೊಂಡು ನೋಡಿದ ಅಧ್ಯಯನ 2003ರಲ್ಲೇ ಕರೆಂಟ್ ಸೈನ್ಸ್‌ನಲ್ಲಿ ಬಂದಿದೆ. ಮರ ಕಡಿದು ಮೇಲ್ಸೇತುವೆ, ಸುರಂಗ ರಸ್ತೆ ಎಂದು ಚರ್ಚೆ ನಡೆಯುವಾಗ ಅದನ್ನು ಯಾರಾದರೂ ಮೇಜಿನ ಮೇಲಿಟ್ಟದ್ದನ್ನು ನಾನಂತೂ ನೋಡಿಲ್ಲ.

ಶ್ವೆಂಡೆನರ್ ದೀರ್ಘಾಯುಷಿ. ಬರ್ಲಿನ್‌ನಲ್ಲಿ ಕುಳಿತೇ ಸಾಮ್ರಾಜ್ಯ ಉಬ್ಬಿದ್ದನ್ನು ಕಂಡ, ಮಹಾಯುದ್ಧ ಕಂಡ, ಕೈಸರ್ ಓಡಿಹೋದದ್ದನ್ನು, ಗಣರಾಜ್ಯ ಘೋಷಣೆಯಾದದ್ದನ್ನು ಕಂಡ. 1919ರ ಮೇ 27ರಂದು, ತೊಂಬತ್ತು ದಾಟಿದ ವಯಸ್ಸಿನಲ್ಲಿ ತೀರಿಕೊಂಡ. ಅಷ್ಟರಲ್ಲಿ ಕಲ್ಲುಹೂವು ಜೋಡಿ ಜೀವಿ ಎಂಬುದು ಶಾಲೆಯ ಪಾಠವಾಗಿತ್ತು, ಅವನನ್ನು ಗೇಲಿ ಮಾಡಿದವರೆಲ್ಲ ಅವನಿಗಿಂತ ಮೊದಲೇ ಹೋಗಿದ್ದರು.

ಅವನ ರೂಪಕವನ್ನು ಇವತ್ತು ಯಾರೂ ಗಂಭೀರವಾಗಿ ಬಳಸುವುದಿಲ್ಲ. ಆದರೆ ಹೆಸರಿಡುವ ಅಂತಾರಾಷ್ಟ್ರೀಯ ನಿಯಮಾವಳಿಯಲ್ಲಿ ಅದರ ನೆರಳು ಉಳಿದಿದೆ. ಒಂದು ಕಲ್ಲುಹೂವಿಗೆ ಯಾವುದೇ ವೈಜ್ಞಾನಿಕ ಹೆಸರು ಕೊಟ್ಟರೂ, ನಿಯಮದ ಪ್ರಕಾರ ಅದು ಅದರೊಳಗಿನ ಶಿಲೀಂಧ್ರದ ಹೆಸರು ಮಾತ್ರ. ಪಾಚಿಗೆ ಬೇರೆ ಹೆಸರು, ಯೀಸ್ಟ್ ಇದ್ದರೆ ಅದಕ್ಕೆ ಇನ್ನೊಂದು. ಮೂವರೂ ಸೇರಿ ಕಟ್ಟಿದ ಆ ಮನೆಗೆ ಮಾತ್ರ ಶಾಸ್ತ್ರದಲ್ಲಿ ಇನ್ನೂ ಸ್ವಂತ ಹೆಸರಿಲ್ಲ. ನಮ್ಮ ಅಡುಗೆಮನೆಯಲ್ಲಿದೆ, ಕಲ್ಲುಹೂವು ಅಂತ.